ಪ್ರಶ್ನೆ ಹೋಗಲಿ, ದತ್ತಾಂಶ ಅಲ್ಲೇ ಇರಲಿ

ನ್ಯೂಯಾರ್ಕ್ ನಗರದ ಟ್ಯಾಕ್ಸಿ ಮತ್ತು ಲಿಮೋಸಿನ್ ಆಯೋಗವು ಊರಿನ ಹಳದಿ ಟ್ಯಾಕ್ಸಿಗಳ ಓಡಾಟದ ದಾಖಲೆಯನ್ನು ಸಾರ್ವಜನಿಕರಿಗೆ ಮುಕ್ತವಾಗಿಟ್ಟಿದೆ. ಪ್ರಯಾಣಿಕ ಹತ್ತಿದ ಹೊತ್ತು, ಇಳಿದ ಹೊತ್ತು, ಕ್ರಮಿಸಿದ ದೂರ, ಬಾಡಿಗೆ, ಟಿಪ್ಸ್, ಹಣ ಕೊಟ್ಟ ಬಗೆ ಎಂದು ಒಂದೊಂದು ಓಡಾಟಕ್ಕೂ ಹದಿನೆಂಟು ಇಪ್ಪತ್ತು ವಿವರಗಳು. 2015ರ ಒಂದೇ ವರ್ಷದ ಓಡಾಟಗಳು ಸುಮಾರು 14.6 ಕೋಟಿ. ಗೂಗಲ್ ನಡೆಸುವ ಬಿಗ್‌ಕ್ವೆರಿ ಎಂಬ ಕ್ಲೌಡ್ ಉಗ್ರಾಣದಲ್ಲಿ ಈ ದಾಖಲೆಯನ್ನು ಯಾರು ಬೇಕಾದರೂ ಪ್ರಶ್ನಿಸಬಹುದು. ಯಾವ ತಿಂಗಳಲ್ಲಿ, ಯಾವ ಬಗೆಯ ಪಾವತಿಯಲ್ಲಿ ಎಷ್ಟು ಟಿಪ್ಸ್ ಸಿಕ್ಕಿತು ಎಂದು ತಿಳಿಯಬೇಕಾದವರು ಟ್ಯಾಬ್ಲೋ ಅಥವಾ ಪವರ್ ಬಿಐನಂಥ ಬೇರೊಂದು ಕಂಪನಿಯ ವಿಶ್ಲೇಷಣಾ ಸಾಧನವನ್ನು ತೆರೆದು, ಉಗ್ರಾಣದ ವಿಳಾಸ ಕೊಟ್ಟು, ಲಾಗಿನ್ ಆಗಿ, ಬೇಕಾದ ವಿವರಗಳ ಹೆಸರನ್ನು ಮೌಸ್‌ನಿಂದ ಎಳೆದು ಪರದೆಯ ಮೇಲಿಟ್ಟರೆ ಕೆಲವೇ ಸೆಕೆಂಡುಗಳಲ್ಲಿ ಚಾರ್ಟ್ ಮೂಡುತ್ತದೆ. ನೋಡುವವರಿಗೆ ದತ್ತಾಂಶವೆಲ್ಲ ತಮ್ಮ ಕಂಪ್ಯೂಟರಿಗೆ ಬಂದು ಬಿದ್ದಂತೆ ಅನಿಸುತ್ತದೆ. ಹಾಗೇನೂ ಆಗಿರುವುದಿಲ್ಲ. 14.6 ಕೋಟಿ ಸಾಲುಗಳಲ್ಲಿ ಒಂದೂ ಕದಲಿಲ್ಲ. ಇಲ್ಲಿಂದ ಒಂದು ಪ್ರಶ್ನೆ ಹೋಯಿತು, ಅಲ್ಲಿಂದ ಪುಟ್ಟದೊಂದು ಉತ್ತರ ಬಂತು. ಉಗ್ರಾಣ ಮತ್ತು ಸಾಧನಗಳ ನಡುವಿನ ಸಂಪರ್ಕವನ್ನು ದತ್ತಾಂಶ ಹರಿಯುವ ಕೊಳವೆ ಎಂದು ಭಾವಿಸುವವರು ಮುಂದಿನ ಎಲ್ಲ ತೀರ್ಮಾನಗಳಲ್ಲೂ ಎಡವುತ್ತಾರೆ. ಅದನ್ನು ಪ್ರಶ್ನೆ ಕಳಿಸುವ ದಾರಿ ಎಂದು ಕಂಡವರಿಗೆ ವೇಗ, ಖರ್ಚು, ಅರ್ಥ, ಭದ್ರತೆ ನಾಲ್ಕೂ ಒಂದೇ ನೋಟದಲ್ಲಿ ತಿಳಿಯಾಗುತ್ತವೆ. ಈ ಅಧ್ಯಾಯದ ವಾದ ಇಷ್ಟೇ: ಲೆಕ್ಕ ಮಾಡುವ ಕೆಲಸ, ಅಂಕಿಗಳ ಅರ್ಥ, ನೋಡುವ ಹಕ್ಕು ಈ ಮೂರೂ ಉಗ್ರಾಣದ ಬಳಿಯೇ ಇರಬೇಕು, ಸಾಧನಕ್ಕೆ ಕೇಳುವ ಮತ್ತು ತೋರಿಸುವ ಕೆಲಸ ಮಾತ್ರ ಸಾಕು.

ಮೊದಲು ಸಾಗಣೆಯ ಲೆಕ್ಕ. ಒಂದು ಓಡಾಟದ ದಾಖಲೆಗೆ ಸುಮಾರು 150 ಬೈಟ್ ಎಂದಿಟ್ಟುಕೊಂಡರೆ 14.6 ಕೋಟಿ ದಾಖಲೆಗಳು ಹತ್ತಿರ ಹತ್ತಿರ 22 ಗಿಗಾಬೈಟ್ ಆಗುತ್ತವೆ. ಸೆಕೆಂಡಿಗೆ 100 ಮೆಗಾಬಿಟ್ ವೇಗದ ಇಂಟರ್ನೆಟ್ ಎಲ್ಲೂ ತಡೆಯಿಲ್ಲದೆ ಹರಿದರೂ ಅಷ್ಟನ್ನು ತರಲು ಅರ್ಧ ಗಂಟೆ ಬೇಕು. ಕೇಳಿದ ಪ್ರಶ್ನೆಯ ಉತ್ತರವಾದರೋ 12 ತಿಂಗಳು, 6 ಬಗೆಯ ಪಾವತಿ, ಹೆಚ್ಚೆಂದರೆ 72 ಸಾಲು. ಒಂದು ಸಣ್ಣ ಇಮೇಲ್‌ನಷ್ಟೂ ತೂಕವಿಲ್ಲ. ಸಂತರ್ಪಣೆಗೆ ಎಷ್ಟು ಅಕ್ಕಿ ಉಳಿದಿದೆ ಎಂದು ತಿಳಿಯಲು ಮೂಟೆಗಳನ್ನೆಲ್ಲ ಅಂಗಳಕ್ಕೆ ಹೊರಿಸುವವರಿಲ್ಲ, ಉಗ್ರಾಣದವರನ್ನು ಕೇಳುತ್ತಾರೆ. ಆದರೆ ಕೇಳಿದ ತಕ್ಷಣ ಉತ್ತರ ಸಿಗಬೇಕಾದರೆ ಉಗ್ರಾಣದವರಿಗೆ ಎಣಿಸುವ ಶಕ್ತಿ ಇರಬೇಕಲ್ಲ. ಕ್ಲೌಡ್ ಉಗ್ರಾಣಗಳ ವಿಜ್ಞಾನ ಶುರುವಾಗುವುದು ಇಲ್ಲಿಂದ.

ಬ್ಯಾಂಕಿನ ಕೌಂಟರ್‌ನಲ್ಲಿ ಬಳಸುವ ಸಾಂಪ್ರದಾಯಿಕ ಡೇಟಾಬೇಸ್ ಒಂದು ಸಾಲಿನ ಎಲ್ಲ ವಿವರಗಳನ್ನೂ ಡಿಸ್ಕಿನಲ್ಲಿ ಒತ್ತೊತ್ತಾಗಿ ಇಡುತ್ತದೆ. ಒಬ್ಬ ಗ್ರಾಹಕನ ಖಾತೆ ತೆಗೆದು ತಿದ್ದಿ ಮುಚ್ಚಲು ಅದೇ ಸರಿ. ಆದರೆ ಕೋಟಿಗಟ್ಟಲೆ ಸಾಲುಗಳಿಂದ ಟಿಪ್ಸ್ ಒಂದನ್ನೇ ಕೂಡಬೇಕಾದಾಗ ಆ ಜೋಡಣೆ ಭಾರ. ಬೇಡದ ಹದಿನೈದು ವಿವರಗಳನ್ನೂ ಓದಿ ಬಿಸಾಡಬೇಕಾಗುತ್ತದೆ. ಅದರ ಬದಲು ಒಂದೊಂದು ವಿವರದ ಕಾಲಂ ಅನ್ನು ಬೇರೆ ಬೇರೆಯಾಗಿ ಇಟ್ಟರೆ ಬೇಕಾದದ್ದನ್ನು ಮಾತ್ರ ಓದಬಹುದು. ಒಂದೇ ಜಾತಿಯ ಮೌಲ್ಯಗಳು ಅಕ್ಕಪಕ್ಕ ಇರುವುದರಿಂದ ಅವನ್ನು ಒತ್ತಿ ಕುಗ್ಗಿಸುವುದೂ ಸುಲಭ. ಮೈಕೆಲ್ ಸ್ಟೋನ್‌ಬ್ರೇಕರ್ ಮತ್ತು ಸಂಗಡಿಗರು 2005ರಲ್ಲಿ ಸಿ-ಸ್ಟೋರ್ ಎಂಬ ಪ್ರಬಂಧದಲ್ಲಿ ಈ ಮಾರ್ಗವನ್ನು ವಿವರವಾಗಿ ಪ್ರತಿಪಾದಿಸಿದರು. ಗೂಗಲ್ ತನ್ನೊಳಗೆ 2006ರಿಂದಲೇ ಬಳಸುತ್ತಿದ್ದ ಡ್ರೆಮೆಲ್ ವ್ಯವಸ್ಥೆಯ ಪ್ರಬಂಧವನ್ನು 2010ರಲ್ಲಿ ಪ್ರಕಟಿಸಿತು. ಕಾಲಂ ಜೋಡಣೆಯ ದತ್ತಾಂಶದ ಮೇಲೆ ಸಾವಿರಾರು ಯಂತ್ರಗಳು ಒಟ್ಟಿಗೆ ದುಡಿದು ಸೆಕೆಂಡುಗಳಲ್ಲಿ ಉತ್ತರ ಕೊಡುವ ಬಗೆ ಅದರಲ್ಲಿತ್ತು. ಬಿಗ್‌ಕ್ವೆರಿ ಅದರ ಸಾರ್ವಜನಿಕ ರೂಪ. 2012ರಲ್ಲಿ ಹುಟ್ಟಿದ ಸ್ನೋಫ್ಲೇಕ್ ಕಂಪನಿ ಸಂಗ್ರಹವನ್ನೂ ಲೆಕ್ಕ ಮಾಡುವ ಯಂತ್ರಗಳನ್ನೂ ಪೂರ್ತಿ ಬೇರ್ಪಡಿಸಿತು. ಪ್ರಶ್ನೆ ಬಂದಾಗ ಯಂತ್ರಗಳು ಎದ್ದು ಕೆಲಸ ಮಾಡಿ, ಸುಮ್ಮನಿರುವಾಗ ಮಲಗಬಹುದು, ದತ್ತಾಂಶ ಮಾತ್ರ ಒಂದೇ ಕಡೆ ಭದ್ರವಾಗಿರುತ್ತದೆ. ಹೀಗೆ ಲೆಕ್ಕದ ಬಲವೆಲ್ಲ ದತ್ತಾಂಶದ ಪಕ್ಕದಲ್ಲೇ ಸೇರಿಕೊಂಡ ಮೇಲೆ, ಆ ಬಲವಿಲ್ಲದ ಕಡೆಗೆ ದತ್ತಾಂಶವನ್ನು ಹೊತ್ತೊಯ್ಯುವುದರಲ್ಲಿ ಅರ್ಥವೇನಿದೆ?

ಬೇರೊಂದು ಕಂಪನಿಯ ಸಾಧನ ಈ ಉಗ್ರಾಣದೊಡನೆ ಮಾತಾಡಬಲ್ಲದು ಎಂಬುದು ಈಗ ಸಹಜವಾಗಿ ಕಂಡರೂ ಅದರ ಹಿಂದೆ ಅರ್ಧ ಶತಮಾನದ ಶ್ರಮವಿದೆ. ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಬರೆದ ಪ್ರಬಂಧದ ಮುಖ್ಯ ಕಳಕಳಿಯೇ, ಯಂತ್ರದೊಳಗೆ ದತ್ತಾಂಶ ಹೇಗೆ ಜೋಡಣೆಯಾಗಿದೆ ಎಂಬುದನ್ನು ತಿಳಿಯುವ ಹೊರೆ ಬಳಕೆದಾರರ ಮೇಲೆ ಬೀಳಬಾರದು ಎಂಬುದು. ಏನು ಬೇಕು ಎಂದು ಹೇಳಿದರೆ ಸಾಕು, ಹೇಗೆ ತೆಗೆಯಬೇಕೆಂದು ಯಂತ್ರವೇ ಯೋಚಿಸಲಿ. ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಇದಕ್ಕೊಂದು ಭಾಷೆ ಕೊಟ್ಟರು. ಅದೇ ಇಂದಿನ ಎಸ್‌ಕ್ಯೂಎಲ್. ಭಾಷೆ ಸಿದ್ಧವಾದರೂ ಒಂದು ಪ್ರೋಗ್ರಾಂ ಇನ್ನೊಂದರ ಬಾಗಿಲು ತಟ್ಟುವ ರೀತಿ ಪ್ರತಿ ಕಂಪನಿಗೂ ಬೇರೆಯಾಗಿತ್ತು. 1992ರಲ್ಲಿ ಮೈಕ್ರೋಸಾಫ್ಟ್ ಒಡಿಬಿಸಿ ಎಂಬ ಸಾಮಾನ್ಯ ಕ್ರಮವನ್ನು ತಂದಿತು, 1997ರಲ್ಲಿ ಜಾವಾ ಲೋಕಕ್ಕೆ ಜೆಡಿಬಿಸಿ ಬಂತು. ಉಗ್ರಾಣದ ಕಂಪನಿ ಡ್ರೈವರ್ ಎಂಬ ಪುಟ್ಟ ತಂತ್ರಾಂಶ ಬರೆದುಕೊಟ್ಟರೆ ಈ ಕ್ರಮ ಬಲ್ಲ ಯಾವ ಸಾಧನವಾದರೂ ಅದರ ಮೂಲಕ ಕೇಳಬಹುದು. ಇನ್ನೊಂದು ತುದಿಯಲ್ಲಿ, ಎಸ್‌ಕ್ಯೂಎಲ್ ಬಾರದವರೂ ಕೇಳುವಂತಾಗಲು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪೊಲಾರಿಸ್ ಎಂಬ ಸಂಶೋಧನೆ ನಡೆಯಿತು. ಪರದೆಯ ಮೇಲೆ ಹೆಸರುಗಳನ್ನು ಎಳೆದಿಡುವ ಕ್ರಿಯೆಯನ್ನೇ ಪ್ರಶ್ನೆಯಾಗಿಯೂ ಚಿತ್ರವಾಗಿಯೂ ಬದಲಿಸುವ ವ್ಯಾಕರಣ ಅದು. ಅದರಿಂದ 2003ರಲ್ಲಿ ಟ್ಯಾಬ್ಲೋ ಕಂಪನಿ ಹುಟ್ಟಿತು. ಎಸ್‌ಕ್ಯೂಎಲ್ ಒಂದೇ ಭಾಷೆಯಾದರೂ ಉಪಭಾಷೆಗಳು ಹಲವು. ದಿನಾಂಕವನ್ನು ತಿಂಗಳಿಗೆ ಇಳಿಸುವ ಆದೇಶದಲ್ಲಿ ಬಿಗ್‌ಕ್ವೆರಿ ಮೊದಲು ದಿನಾಂಕವನ್ನೂ ಆಮೇಲೆ ತಿಂಗಳು ಎಂಬುದನ್ನೂ ಕೇಳುತ್ತದೆ, ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಇದನ್ನೇ ತಿರುವುಮುರುವಾಗಿ ಕೇಳುತ್ತದೆ. ಸಾಧನ ಒಳ್ಳೆಯದೋ ಅಲ್ಲವೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು, ಚಾರ್ಟುಗಳ ಬಣ್ಣಕ್ಕಿಂತ ಹೆಚ್ಚಾಗಿ, ಈ ಉಪಭಾಷೆಗಳನ್ನು ಅದು ಎಷ್ಟು ಚೆನ್ನಾಗಿ ಬಲ್ಲದು ಎಂಬುದರ ಮೇಲೆ. ಬಾರದಿದ್ದಾಗ ಅದು ಸದ್ದಿಲ್ಲದೆ ಎಲ್ಲ ಸಾಲುಗಳನ್ನೂ ತರಿಸಿಕೊಂಡು ತಾನೇ ಲೆಕ್ಕ ಹಾಕಲು ಕೂರುತ್ತದೆ.

ಈ ವಾದಕ್ಕೆ ಅನುಭವಸ್ಥರು ಎತ್ತುವ ಮೊದಲ ಆಕ್ಷೇಪ ಖರ್ಚಿನದು, ಮತ್ತು ಅದು ಗಟ್ಟಿಯಾದ ಆಕ್ಷೇಪ. ಪ್ರತಿ ಸಲವೂ ಉಗ್ರಾಣವನ್ನೇ ಕೇಳಿದರೆ ಪ್ರತಿ ಸಲವೂ ಬಿಲ್ ಬರುತ್ತದೆ. ಅದಕ್ಕಿಂತ ಬೆಳಿಗ್ಗೆ ಒಮ್ಮೆ ಪ್ರತಿ ತೆಗೆದು ಸಾಧನದೊಳಗೆ ಇಟ್ಟುಕೊಂಡರೆ ದಿನವಿಡೀ ಪುಕ್ಕಟೆ ನೋಡಬಹುದಲ್ಲ ಎನ್ನುತ್ತಾರೆ. ಅಂಕಿ ಹಾಕಿ ನೋಡೋಣ. ಬಿಗ್‌ಕ್ವೆರಿಯ ಬಳಸಿದಷ್ಟೇ ಕೊಡುವ ಯೋಜನೆಯಲ್ಲಿ ಅಮೆರಿಕದ ದರ, 2023ರ ಜುಲೈಯಿಂದ, ಓದಿದ ಪ್ರತಿ ಟೆಬಿಬೈಟ್‌ಗೆ 6.25 ಡಾಲರ್, ಅಂದರೆ ಸುಮಾರು 1,100 ಗಿಗಾಬೈಟ್‌ಗೆ ಅಷ್ಟು. ತಿಂಗಳು, ಪಾವತಿಯ ಬಗೆ, ಟಿಪ್ಸ್ ಎಂಬ ಮೂರು ಕಾಲಂಗಳಲ್ಲಿ ತಲಾ 8 ಬೈಟ್ ಎಂದರೆ 14.6 ಕೋಟಿ ಸಾಲಿಗೆ 3.5 ಗಿಗಾಬೈಟ್, ಬೆಲೆ 2 ಸೆಂಟ್. ಒಬ್ಬರು ಒಮ್ಮೆ ಕೇಳಿದರೆ ಲೆಕ್ಕಕ್ಕಿಲ್ಲ. ಆದರೆ ಒಂದು ಡ್ಯಾಶ್‌ಬೋರ್ಡಿನಲ್ಲಿ ಇಂಥ 10 ಚಾರ್ಟ್ ಇದ್ದು 300 ಮಂದಿ ಬೆಳಿಗ್ಗೆ ತಂತಮ್ಮ ಹೆಸರಿನಲ್ಲಿ ಅದನ್ನು ತೆರೆದರೆ 3,000 ಪ್ರಶ್ನೆ, 60 ಡಾಲರ್. ಅವರು ಫಿಲ್ಟರ್ ಬದಲಿಸಿದಷ್ಟೂ ಬಿಲ್ ಏರುತ್ತದೆ. ಹತ್ತೇ ಸಾಲು ತೋರಿಸು ಎಂದು ಮಿತಿ ಹಾಕಿದರೂ ಸಾಮಾನ್ಯ ಟೇಬಲ್ಲುಗಳಲ್ಲಿ ಇಡೀ ಕಾಲಂ ಓದಿದ ಹಣವನ್ನೇ ಕೊಡಬೇಕು ಎಂಬುದು ಹೊಸಬರು ತಡವಾಗಿ ಕಲಿಯುವ ಸಂಗತಿ. ಸ್ನೋಫ್ಲೇಕ್‌ನಲ್ಲಿ ಬಿಲ್ ಬರುವುದು ಯಂತ್ರ ಎಚ್ಚರವಿದ್ದ ಸೆಕೆಂಡುಗಳಿಗೆ, ಒಮ್ಮೆ ಎದ್ದರೆ ಕನಿಷ್ಠ 60 ಸೆಕೆಂಡಿಗೆ. ಆಗಾಗ ಒಬ್ಬೊಬ್ಬರು ತೆರೆದು ನೋಡುವ ಡ್ಯಾಶ್‌ಬೋರ್ಡ್ ಆ ಯಂತ್ರವನ್ನು ದಿನವಿಡೀ ಮಲಗಗೊಡುವುದಿಲ್ಲ.

ಆದರೂ ಪ್ರತಿ ತೆಗೆದಿಡುವುದು ಇದಕ್ಕೆ ಮದ್ದಲ್ಲ. ಪವರ್ ಬಿಐನ ಪ್ರೊ ಪರವಾನಗಿಯಲ್ಲಿ ಪ್ರತಿಯನ್ನು ತಾನಾಗಿ ಹೊಸದು ಮಾಡಿಸುವ ಅವಕಾಶ ದಿನಕ್ಕೆ 8 ಸಲ, ಒಂದು ಪ್ರತಿಯ ಗಾತ್ರಕ್ಕೂ 1 ಗಿಗಾಬೈಟ್‌ನ ಮಿತಿ. ಟ್ಯಾಕ್ಸಿ ದಾಖಲೆ ಪೂರ್ತಿಯಾಗಿ ಅದರೊಳಗೆ ಕೂರುವುದು ಕಷ್ಟ. ಕೂತರೂ ಅದು ಕೆಲವು ಗಂಟೆ ಹಳೆಯದು. ಒಬ್ಬೊಬ್ಬರ ಬಳಿ ಒಂದೊಂದು ಹೊತ್ತಿನ ಪ್ರತಿ ಇದ್ದಾಗ ಸಭೆಯಲ್ಲಿ ಚರ್ಚೆ ವ್ಯಾಪಾರದ ಬಗ್ಗೆ ನಡೆಯದೆ ಯಾರ ಅಂಕಿ ಸರಿ ಎಂಬುದರ ಬಗ್ಗೆ ನಡೆಯುತ್ತದೆ. ನಿಜವಾದ ಉಪಾಯ ಉಗ್ರಾಣದ ಒಳಗೇ ಇದೆ. ದಿನ ಮತ್ತು ಪಾವತಿಯ ಬಗೆಯಂತೆ ರಾತ್ರಿಯೇ ಕೂಡಿಟ್ಟರೆ ವರ್ಷಕ್ಕೆ 365 ಗುಣಿಸು 6, ಅಂದರೆ 2,190 ಸಾಲಿನ ಪುಟ್ಟ ಟೇಬಲ್ ಸಿದ್ಧವಾಗುತ್ತದೆ. ಡ್ಯಾಶ್‌ಬೋರ್ಡ್ ಅದನ್ನು ಎಷ್ಟು ಸಲ ಕೇಳಿದರೂ ಖರ್ಚು ನಗಣ್ಯ; ಯಾರಾದರೂ ಆಳಕ್ಕೆ ಇಳಿದಾಗ ಮಾತ್ರ ಪ್ರಶ್ನೆ ಮೂಲ ದಾಖಲೆಗೆ ಹೋಗುತ್ತದೆ. ಈ ಪುಟ್ಟ ಟೇಬಲ್ಲಿನ ಪ್ರತಿಯನ್ನು ಸಾಧನದೊಳಗೆ ಇಟ್ಟುಕೊಂಡರೂ ನನ್ನ ತಕರಾರಿಲ್ಲ. ಲೆಕ್ಕ ಮುಗಿದ ಮೇಲಿನ ಉತ್ತರವನ್ನು ಇಟ್ಟುಕೊಳ್ಳುವುದು ಬೇರೆ, ಲೆಕ್ಕದ ಮೊದಲಿನ ಕಚ್ಚಾ ದಾಖಲೆಯನ್ನು ಸಾಗಿಸುವುದು ಬೇರೆ.

ಎರಡನೆಯ ಆಕ್ಷೇಪ ತಂತ್ರಜ್ಞರದು: ಕೊಳವೆಯನ್ನೇ ವೇಗ ಮಾಡಿದರೆ ಸಾಗಣೆ ಸಮಸ್ಯೆಯಾಗಿ ಉಳಿಯುವುದಿಲ್ಲವಲ್ಲ? ಇದರಲ್ಲಿ ಸತ್ಯವಿದೆ. ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಶೋಧನಾ ಕೇಂದ್ರದ ಮಾರ್ಕ್ ರಾಸ್ವೆಲ್ಟ್ ಮತ್ತು ಹ್ಯಾನೆಸ್ ಮ್ಯುಲೈಸೆನ್, ಮುಂದೆ ಡಕ್‌ಡಿಬಿ ಎಂಬ ಡೇಟಾಬೇಸನ್ನು ಕಟ್ಟಿದವರು, 2017ರಲ್ಲಿ ಹಲವು ಡೇಟಾಬೇಸ್‌ಗಳಿಂದ ದೊಡ್ಡ ಫಲಿತಾಂಶವನ್ನು ಹೊರತರಲು ತಗಲುವ ಸಮಯವನ್ನು ಅಳೆದರು. ಅಷ್ಟೇ ಮಾಹಿತಿಯನ್ನು ಬರೀ ಕಡತವಾಗಿ ಕಳಿಸುವುದಕ್ಕಿಂತ ಹಲವು ಪಟ್ಟು ಹೆಚ್ಚು ಸಮಯ ಹಿಡಿಯುತ್ತಿತ್ತು. ತಡವಾಗುತ್ತಿದ್ದುದಕ್ಕೆ ಮುಖ್ಯ ಕಾರಣ ತಂತಿಯಲ್ಲಿರಲಿಲ್ಲ, ಮೌಲ್ಯಗಳನ್ನು ಒಂದೊಂದಾಗಿ ಕಟ್ಟಿ ಮತ್ತೆ ಬಿಚ್ಚುವ ಕ್ರಮದಲ್ಲಿತ್ತು. ಒಡಿಬಿಸಿಯ ಕಾಲದಲ್ಲಿ ಎರಡೂ ಕಡೆ ಸಾಲುಗಳೇ ಇದ್ದವು. ಇಂದು ಉಗ್ರಾಣದೊಳಗೆ ಕಾಲಂ, ಸಾಧನದೊಳಗೂ ಕಾಲಂ, ನಡುವೆ ಮಾತ್ರ ಸಾಲಾಗಿ ಮುರಿದು ಮತ್ತೆ ಜೋಡಿಸುವ ವ್ಯರ್ಥ ದುಡಿಮೆ. 2016ರಲ್ಲಿ ಶುರುವಾದ ಅಪಾಚೆ ಆ್ಯರೋ ಯೋಜನೆ ಕಾಲಂಗಳನ್ನು ಕಾಲಂಗಳಾಗಿಯೇ ದಾಟಿಸುವ ರೂಪವನ್ನು ಕೊಟ್ಟಿತು. ಬಿಗ್‌ಕ್ವೆರಿಯೂ ಸ್ನೋಫ್ಲೇಕೂ ಈಗ ಅದನ್ನು ಬಳಸುತ್ತವೆ. ಯಂತ್ರಕಲಿಕೆಯ ಮಾದರಿಗೆ ತರಬೇತಿ ಕೊಡುವವರಂತೆ ಲಕ್ಷಾಂತರ ಸಾಲು ನಿಜಕ್ಕೂ ಬೇಕಾದವರಿಗೆ ಇದು ವರ. ಆದರೆ ಪರದೆಯ ಮುಂದೆ ಕೂತ ಮನುಷ್ಯ ಓದಬಲ್ಲದ್ದು ಕೆಲವು ನೂರು ಅಂಕಿಗಳನ್ನು. ಕೊಳವೆ ಎಷ್ಟೇ ವೇಗವಾದರೂ ಕಣ್ಣಿನ ಮಿತಿ ಬದಲಾಗದು, ಹಾಗಾಗಿ ಡ್ಯಾಶ್‌ಬೋರ್ಡಿನ ಮಟ್ಟಿಗೆ ವಾದ ಹಾಗೇ ನಿಲ್ಲುತ್ತದೆ.

ವೇಗಕ್ಕಿಂತಲೂ ಖರ್ಚಿಗಿಂತಲೂ ಹೆಚ್ಚು ಹಾನಿ ಮಾಡುವುದು ಅರ್ಥದ ಸೋರಿಕೆ. ಟ್ಯಾಕ್ಸಿ ಆಯೋಗ ತನ್ನ ದಾಖಲೆಯ ಜೊತೆ ಕೊಡುವ ವಿವರಣೆಯಲ್ಲಿ ಒಂದು ಸಾಲು ಇದೆ: ಟಿಪ್ಸ್ ಕಾಲಂನಲ್ಲಿ ಕ್ರೆಡಿಟ್ ಕಾರ್ಡಿನ ಟಿಪ್ಸ್ ಮಾತ್ರ ತಾನಾಗಿ ದಾಖಲಾಗುತ್ತದೆ, ನಗದಾಗಿ ಕೊಟ್ಟದ್ದು ಸೇರುವುದಿಲ್ಲ. ಸಂಪರ್ಕ ಕೂಡಿಸಿದಾಗ ಸಾಧನಕ್ಕೆ ಕಾಲಂನ ಹೆಸರು ಸಿಗುತ್ತದೆ, ಅದು ಸಂಖ್ಯೆಯೆಂಬುದು ಸಿಗುತ್ತದೆ, ಈ ಎಚ್ಚರಿಕೆ ಸಿಗುವುದಿಲ್ಲ. ನಗದು ಓಡಾಟಗಳ ಎದುರು ಸೊನ್ನೆ ಕಂಡ ಸಾಧನ ಅದನ್ನೂ ಸೇರಿಸಿ ಸರಾಸರಿ ತೆಗೆಯುತ್ತದೆ. ನೂರರಲ್ಲಿ 60 ಮಂದಿ ಕಾರ್ಡ್ ಬಳಸಿ ಸರಾಸರಿ 2.50 ಡಾಲರ್ ಟಿಪ್ಸ್ ಕೊಟ್ಟರು ಎಂದಿಟ್ಟುಕೊಂಡರೆ ಪರದೆಯ ಮೇಲೆ ಮೂಡುವುದು 1.50. ಈ ಅಂಕಿಯಿಂದ ನಗದು ಕೊಡುವವರು ಜಿಪುಣರು ಎಂದೋ ಚಾಲಕರ ಆದಾಯ ಇಷ್ಟೇ ಎಂದೋ ಯಾರಾದರೂ ತೀರ್ಮಾನಿಸಿದರೆ, ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲದೆ ಸುಳ್ಳೊಂದು ಹುಟ್ಟಿರುತ್ತದೆ. ಚಾಲಕರ ಸಂಪಾದನೆಯ ಬಗ್ಗೆ ನೀತಿ ರೂಪಿಸುವವರ ಕೈಗೆ ಇಂಥ ಚಾರ್ಟ್ ಸಿಕ್ಕರೆ ಹೊಡೆತ ಬೀಳುವುದು ಸ್ಟಿಯರಿಂಗ್ ಹಿಡಿದವರ ಮೇಲೆ.

ಇಂಥ ಸೋರಿಕೆಗಳಿಗೆ ಕೊನೆಯಿಲ್ಲ. ಮೊದಲ ದಿನ 4 ಲಕ್ಷ ಓಡಾಟ, ಸರಾಸರಿ 2 ಡಾಲರ್. ಎರಡನೆಯ ದಿನ 1 ಲಕ್ಷ ಓಡಾಟ, ಸರಾಸರಿ 4 ಡಾಲರ್ ಎನ್ನಿ. ದಿನದ ಸರಾಸರಿಗಳನ್ನಷ್ಟೇ ಇಟ್ಟುಕೊಂಡ ಸಾಧನ ಎರಡು ದಿನಕ್ಕೆ 3 ಡಾಲರ್ ಎನ್ನುತ್ತದೆ, ನಿಜವಾದ ಸರಾಸರಿ 2.40. ಮೊತ್ತವನ್ನೂ ಎಣಿಕೆಯನ್ನೂ ಬೇರೆ ಬೇರೆ ಇಟ್ಟಿದ್ದರೆ ಈ ತಪ್ಪಿಗೆ ಜಾಗವಿರುತ್ತಿರಲಿಲ್ಲ. ಗಡಿಯಾರದ ಕಥೆಯೂ ಹೀಗೇ. ಅನೇಕ ಉಗ್ರಾಣಗಳಲ್ಲಿ ವೇಳೆಯನ್ನು ಅಂತರರಾಷ್ಟ್ರೀಯ ಸಮಯದಲ್ಲಿ ಇಡುತ್ತಾರೆ. ಆ ಗಡಿಯಾರದಲ್ಲಿ ದಿನ ಬದಲಾಗುವುದು ನಮ್ಮ ಬೆಳಗಿನ 5 ಗಂಟೆ 30 ನಿಮಿಷಕ್ಕೆ. ಹುಬ್ಬಳ್ಳಿಯಿಂದ ನಸುಕಿನ 4 ಗಂಟೆಗೆ ಬಂದ ಆನ್‌ಲೈನ್ ಆರ್ಡರ್ ಹಿಂದಿನ ದಿನದ ಖಾತೆಗೆ ಬೀಳುತ್ತದೆ, ತಿಂಗಳ ಮೊದಲ ದಿನವಾದರೆ ಹಿಂದಿನ ತಿಂಗಳಿಗೇ ಹೋಗುತ್ತದೆ. ಒಂದು ಸಾಧನದಲ್ಲಿ ಇದನ್ನು ಸರಿಪಡಿಸಿದವರು ಇನ್ನೊಂದು ಸಾಧನದಲ್ಲಿ ಮರೆಯುತ್ತಾರೆ. ಅದಕ್ಕೇ ಅರ್ಥ ಉಗ್ರಾಣದ ಬಳಿ ಇರಬೇಕು ಎನ್ನುವುದು. ಕಾರ್ಡ್ ಪಾವತಿಯ ಟಿಪ್ಸ್ ಎಂಬ ಸ್ಪಷ್ಟ ಹೆಸರಿನ, ನಗದು ಸಾಲುಗಳನ್ನು ಹೊರಗಿಟ್ಟ, ವೇಳೆಯನ್ನು ಸ್ಥಳೀಯ ದಿನಕ್ಕೆ ಇಳಿಸಿದ ಒಂದು ವ್ಯೂ, ಅಂದರೆ ಹೆಸರಿಟ್ಟ ಸಿದ್ಧ ಪ್ರಶ್ನೆಯನ್ನು ಉಗ್ರಾಣದಲ್ಲೇ ಬರೆದಿಟ್ಟರೆ ಯಾವ ಸಾಧನ ಬಂದು ಕೇಳಿದರೂ ಒಂದೇ ಉತ್ತರ ಸಿಗುತ್ತದೆ. ಲುಕರ್ ಎಂಬ ಸಾಧನದವರು ಇಂಥ ವ್ಯಾಖ್ಯೆಗಳಿಗೆಂದೇ ಲುಕ್‌ಎಂಎಲ್ ಎಂಬ ಭಾಷೆ ಮಾಡಿದರು. ಆಲೋಚನೆ ಸರಿಯಾಗಿತ್ತು, ಆದರೆ ವ್ಯಾಖ್ಯೆ ಒಂದು ಸಾಧನದ ಸೊತ್ತಾಗಿ ಉಳಿಯಿತು. 2025ರಲ್ಲಿ ಸ್ನೋಫ್ಲೇಕ್, ಟ್ಯಾಬ್ಲೋದ ಒಡೆತನವಿರುವ ಸೇಲ್ಸ್‌ಫೋರ್ಸ್ ಮತ್ತು ಇತರ ಕಂಪನಿಗಳು ವ್ಯಾಖ್ಯೆಗಳನ್ನು ಸಾಧನದಿಂದ ಸಾಧನಕ್ಕೆ ಒಯ್ಯಬಹುದಾದ ಮುಕ್ತ ರೂಪವೊಂದನ್ನು ತರುವುದಾಗಿ ಒಟ್ಟಿಗೆ ಘೋಷಿಸಿವೆ. ಪ್ರಶ್ನೆಯ ಭಾಷೆ ಎಲ್ಲರದ್ದಾದ ಐವತ್ತು ವರ್ಷಗಳ ಮೇಲೆ ಅರ್ಥವೂ ಎಲ್ಲರದ್ದಾಗುವ ಕಡೆಗೆ ಇದು ಸ್ವಾಗತಾರ್ಹ ಹೆಜ್ಜೆ.

ಇನ್ನು ನೋಡುವ ಹಕ್ಕಿನ ಮಾತು. ಸಂಪರ್ಕ ಕೂಡಿಸುವಾಗ ಸಾಧನ ಒಂದು ಹೆಸರು ಮತ್ತು ಕೀಲಿಯನ್ನು ಕೇಳುತ್ತದೆ. ಬಹಳಷ್ಟು ಕಚೇರಿಗಳಲ್ಲಿ ಅಲ್ಲಿಗೆ ಕೊಡುವುದು ಎಲ್ಲವನ್ನೂ ನೋಡಬಲ್ಲ ಒಂದು ಸಾಮಾನ್ಯ ಖಾತೆಯನ್ನು, ಏಕೆಂದರೆ ಅದೇ ಸುಲಭ. ಅಲ್ಲಿಂದ ಮುಂದೆ ಉಗ್ರಾಣದ ಕಣ್ಣಿಗೆ 300 ಮಂದಿ ಒಬ್ಬರೇ ಆಗಿ ಕಾಣುತ್ತಾರೆ. ಯಾರು ಏನು ನೋಡಬಹುದು ಎಂಬುದು ಸಾಧನದ ವಿವೇಚನೆಗೆ ಬೀಳುತ್ತದೆ. ಆ ಕೀಲಿ ಬೇರೆ ಕಂಪನಿಯ ಸರ್ವರಿನಲ್ಲಿ ತಿಂಗಳುಗಟ್ಟಲೆ ಕೂರುತ್ತದೆ. 2024ರ ಏಪ್ರಿಲ್‌ನಲ್ಲಿ ಸಿಸೆನ್ಸ್ ಎಂಬ ವಿಶ್ಲೇಷಣಾ ಸಾಧನದ ಕಂಪನಿಯ ವ್ಯವಸ್ಥೆಯಲ್ಲಿ ಭದ್ರತೆಯ ಉಲ್ಲಂಘನೆಯಾದಾಗ ಅಮೆರಿಕದ ಸರ್ಕಾರಿ ಸೈಬರ್ ಭದ್ರತಾ ಸಂಸ್ಥೆ ಸಿಸಾ ಬಹಿರಂಗ ಎಚ್ಚರಿಕೆ ಕೊಟ್ಟು, ಸಿಸೆನ್ಸ್ ಗ್ರಾಹಕರೆಲ್ಲ ಆ ಸಾಧನದಲ್ಲಿ ಬಳಸಿದ ಕೀಲಿಗಳನ್ನು ಬದಲಿಸಬೇಕೆಂದು ಹೇಳಿತು. ಎಚ್ಚರಿಕೆ ಅಷ್ಟು ವಿಶಾಲವಾಗಿದ್ದುದಕ್ಕೆ ಕಾರಣ ಇಂಥ ಸಾಧನದ ಸ್ವಭಾವವೇ: ಅದರ ಬಳಿ ಇತರರ ಉಗ್ರಾಣಗಳ ಕೀಲಿಗೊಂಚಲು ಇರುತ್ತದೆ. ಅದೇ ವರ್ಷ ಸ್ನೋಫ್ಲೇಕ್ ಗ್ರಾಹಕರ ಮೇಲೆ ನಡೆದ ದಾಳಿಗಳಲ್ಲಿ, ತನಿಖೆ ಮಾಡಿದ ಮ್ಯಾಂಡಿಯಂಟ್ ಸಂಸ್ಥೆ ಸುಮಾರು 165 ಸಂಸ್ಥೆಗಳಿಗೆ ಅಪಾಯದ ಸೂಚನೆ ಕಳಿಸಬೇಕಾಯಿತು. ಸ್ನೋಫ್ಲೇಕ್‌ನ ಸ್ವಂತ ವ್ಯವಸ್ಥೆಗೆ ಕನ್ನ ಬಿದ್ದಿರಲಿಲ್ಲ. ಕಳ್ಳ ತಂತ್ರಾಂಶಗಳು ಬೇರೆಲ್ಲೋ ಕದ್ದ ಪಾಸ್‌ವರ್ಡುಗಳು, ಅವುಗಳಲ್ಲಿ ಕೆಲವು 2020ರಷ್ಟು ಹಳೆಯವು, ಇನ್ನೂ ಕೆಲಸ ಮಾಡುತ್ತಿದ್ದವು. ಆ ಖಾತೆಗಳಿಗೆ ಎರಡನೆಯ ಹಂತದ ಪರಿಶೀಲನೆ ಇರಲಿಲ್ಲ. ಯಾವ ಜಾಗದಿಂದ ಬರಬಹುದು ಎಂಬ ನಿರ್ಬಂಧವೂ ಇರಲಿಲ್ಲ. ಎಟಿ ಆ್ಯಂಡ್ ಟಿ ಕಂಪನಿಯ ಹೆಚ್ಚುಕಡಿಮೆ ಎಲ್ಲ ಮೊಬೈಲ್ ಗ್ರಾಹಕರ 2022ರ ಆರು ತಿಂಗಳ ಕರೆ ಮತ್ತು ಸಂದೇಶಗಳ ವಿವರ ಹೀಗೆ ಹೊರಬಿತ್ತು. ಕಳುವಾದದ್ದು ಕಡತ, ನಿಜ; ಆದರೆ ಅದು ಕಳುವಾದದ್ದು ಮಿತಿಯಿಲ್ಲದೆ ಕೇಳಬಲ್ಲ ಹಕ್ಕು ಕಳುವಾದದ್ದರಿಂದ.

ಪರಿಹಾರ ಗೊತ್ತಿಲ್ಲದ್ದೇನಲ್ಲ. 2012ರಲ್ಲಿ ಪ್ರಮಾಣೀಕೃತವಾದ ಓಆತ್ 2.0 ಕ್ರಮದಲ್ಲಿ ಬಳಕೆದಾರರು ಪಾಸ್‌ವರ್ಡನ್ನು ಸಾಧನಕ್ಕೆ ಕೊಡುವುದೇ ಇಲ್ಲ. ಉಗ್ರಾಣದ ಬಾಗಿಲಲ್ಲಿ ತಾವೇ ಗುರುತು ಹೇಳಿ, ಸಾಧನಕ್ಕೆ ಸೀಮಿತ ಹಕ್ಕಿನ, ಬೇಕೆಂದಾಗ ರದ್ದು ಮಾಡಬಹುದಾದ ಟೋಕನ್ ಕೊಡಿಸುತ್ತಾರೆ. ಆಗ ಪ್ರತಿ ಪ್ರಶ್ನೆಯೂ ಕೇಳಿದವರ ಹೆಸರಿನಲ್ಲೇ ಉಗ್ರಾಣವನ್ನು ಮುಟ್ಟುತ್ತದೆ. ಸಾಲುಮಟ್ಟದ ನಿಯಮವನ್ನು ಉಗ್ರಾಣದಲ್ಲಿ ಬರೆದಿದ್ದರೆ ಮೈಸೂರು ಶಾಖೆಯವರು ಯಾವ ಸಾಧನದಿಂದ ಕೇಳಿದರೂ ಮೈಸೂರಿನ ಸಾಲುಗಳನ್ನೇ ಕಾಣುತ್ತಾರೆ. ಇಲ್ಲಿ ಒಂದು ನಿಜವಾದ ಇಕ್ಕಟ್ಟಿದೆ ಎಂಬುದನ್ನು ಒಪ್ಪಬೇಕು. ಬಿಗ್‌ಕ್ವೆರಿ ಒಮ್ಮೆ ಕೊಟ್ಟ ಉತ್ತರವನ್ನು ಸುಮಾರು 24 ಗಂಟೆ ನೆನಪಿಟ್ಟು ಅದೇ ಪ್ರಶ್ನೆಗೆ ಮತ್ತೆ ಹಣ ಕೇಳದೆ ಕೊಡುತ್ತದೆ, ಆದರೆ ಸಾಮಾನ್ಯ ಯೋಜನೆಯಲ್ಲಿ ಆ ನೆನಪು ಒಬ್ಬೊಬ್ಬ ಬಳಕೆದಾರರಿಗೆ ಪ್ರತ್ಯೇಕ. ಎಲ್ಲರೂ ಒಂದೇ ಖಾತೆಯಿಂದ ಕೇಳಿದರೆ ಉಳಿತಾಯ, ತಂತಮ್ಮ ಹೆಸರಿನಿಂದ ಕೇಳಿದರೆ ಖರ್ಚು. ಈ ಕಾರಣಕ್ಕೇ ಸಾಮಾನ್ಯ ಖಾತೆಯನ್ನು ಸಮರ್ಥಿಸುವವರಿದ್ದಾರೆ. ನನ್ನ ತೀರ್ಪು ಹೀಗೆ: ಯಾರ ಗುರುತೂ ಇಲ್ಲದ, ಮೊದಲೇ ಕೂಡಿಟ್ಟ ಆ 2,190 ಸಾಲಿನಂಥ ಟೇಬಲ್ಲುಗಳಿಗೆ, ಅವನ್ನಷ್ಟೇ ಓದಬಲ್ಲ ಸಾಮಾನ್ಯ ಖಾತೆ ಸಾಕು, ವ್ಯಕ್ತಿಗಳ ದಾಖಲೆಯನ್ನು ಮುಟ್ಟುವ ಯಾವ ಪ್ರಶ್ನೆಗೂ ಕೇಳುವವರ ಹೆಸರು ಇರಲೇಬೇಕು. ಹೆಸರು ತೆಗೆದ ಮಾತ್ರಕ್ಕೆ ಕಚ್ಚಾ ದಾಖಲೆ ನಿರಪಾಯವಾಗುವುದಿಲ್ಲ ಎಂಬುದಕ್ಕೆ ಈ ಟ್ಯಾಕ್ಸಿ ದಾಖಲೆಯೇ ಸಾಕ್ಷಿ. 2013ರ ಓಡಾಟಗಳನ್ನು ಟ್ಯಾಕ್ಸಿ ಸಂಖ್ಯೆ ಮರೆಮಾಚಿ ಬಿಡುಗಡೆ ಮಾಡಿದ್ದರು. 2014ರಲ್ಲಿ ಆ ಮರೆಯನ್ನು ಕಂಪ್ಯೂಟರಿನಿಂದ ಅನಾಯಾಸವಾಗಿ ಬಿಡಿಸಿ ಮೂಲ ಸಂಖ್ಯೆಗಳನ್ನು ಹೊರತೆಗೆಯಲಾಯಿತು.

ಕೊನೆಯ ಆಕ್ಷೇಪವೊಂದು ಉಳಿಯಿತು. ಮೂರನೆಯವರ ಸಾಧನವೇ ಇಷ್ಟು ತೊಡಕಾದರೆ ಉಗ್ರಾಣದ ಕಂಪನಿಯ ಸಾಧನವನ್ನೇ ಬಳಸಬಾರದೇಕೆ? ಅಮೆಜಾನ್‌ಗೆ ಕ್ವಿಕ್‌ಸೈಟ್ ಇದೆ, ಗೂಗಲ್ 2020ರಲ್ಲಿ ಲುಕರ್ ಕೊಂಡಿತು, ಮೈಕ್ರೋಸಾಫ್ಟ್ ಉಗ್ರಾಣವನ್ನೂ ಪವರ್ ಬಿಐಯನ್ನೂ ಒಂದೇ ಸೂರಿನಡಿ ತಂದಿದೆ. ಸಣ್ಣ ಸಂಸ್ಥೆಗೆ ಅದು ಒಳ್ಳೆಯ ಆಯ್ಕೆಯೇ ಇರಬಹುದು. ಆದರೆ ಒಂದು ಸಂಸ್ಥೆಯ ದತ್ತಾಂಶದ ಆಯುಷ್ಯ ಯಾವುದೇ ಸಾಧನದ ಆಯುಷ್ಯಕ್ಕಿಂತ ದೀರ್ಘ. ಕೇಳುವವರನ್ನೂ ಕೊಡುವವರನ್ನೂ ಬೇರೆ ಬೇರೆಯಾಗಿ ಆರಿಸಿಕೊಳ್ಳಬಹುದಾದ ಸ್ವಾತಂತ್ರ್ಯ ಕಾಡ್‌ನಿಂದ ಒಡಿಬಿಸಿಯವರೆಗೆ ಹಲವರು ದುಡಿದು ಗಳಿಸಿಕೊಟ್ಟದ್ದು. ಅದನ್ನು ಅನುಕೂಲಕ್ಕಾಗಿ ಬಿಟ್ಟುಕೊಡುವವರು ಮುಂದೆ ದರ ಏರಿದಾಗ ಬೇರೆ ದಾರಿ ಕಾಣಲಾರರು. ಲೆಕ್ಕ, ಅರ್ಥ, ಹಕ್ಕು ಮೂರೂ ಉಗ್ರಾಣದಲ್ಲೇ ನೆಲೆಸಿದ್ದರೆ ಸಾಧನವನ್ನು ಬದಲಿಸುವುದು ಕೆಲವು ವಾರಗಳ ಕೆಲಸ. ಸಾಧನದೊಳಗೆ ಹರಡಿಕೊಂಡಿದ್ದರೆ ಅದೇ ಕೆಲಸಕ್ಕೆ ವರ್ಷಗಳು ಹಿಡಿಯುತ್ತವೆ.

ಸಾಧನ ಯಾರದ್ದೇ ಆಗಿರಲಿ, ಹೊಣೆಯನ್ನು ಮಾತ್ರ ಅದರ ಮೇಲೆ ಹಾಕಲಾಗದು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಜನರ ದತ್ತಾಂಶವನ್ನು ಸಂಗ್ರಹಿಸಿದ ಸಂಸ್ಥೆ ಅದರ ನಿರ್ವಹಣೆಯನ್ನು ಬೇರೆಯವರಿಗೆ ಒಪ್ಪಿಸಿದರೂ ಹೊಣೆ ಆ ಸಂಸ್ಥೆಯದೇ ಎನ್ನುತ್ತದೆ. ಬೆಂಗಳೂರಿನ ಎಷ್ಟೋ ಕಚೇರಿಗಳಲ್ಲಿ ಇಂಥ ಸಂಪರ್ಕಗಳನ್ನು ದಿನವೂ ಕೂಡಿಸುವ ಕನ್ನಡಿಗರು ಈ ಪುಸ್ತಕವನ್ನು ಓದುತ್ತಿರಬಹುದು. ಅವರಲ್ಲಿ ಒಂದು ಮನವಿ: ನಿಮ್ಮ ಡ್ಯಾಶ್‌ಬೋರ್ಡ್ ಯಾವ ಖಾತೆಯ ಹೆಸರಿನಲ್ಲಿ ಪ್ರಶ್ನೆ ಕೇಳುತ್ತಿದೆ, ಆ ಖಾತೆ ಏನೇನನ್ನು ಓದಬಲ್ಲದು, ಅದರ ಕೀಲಿಯನ್ನು ಕೊನೆಯ ಸಲ ಬದಲಿಸಿದ್ದು ಯಾವಾಗ ಎಂದು ಈ ವಾರವೇ ವಿಚಾರಿಸಿ. ಉತ್ತರ ಹೇಳಬಲ್ಲವರು ಕಚೇರಿಯಲ್ಲಿ ಯಾರೂ ಸಿಗದಿದ್ದರೆ ಹೊಸ ಚಾರ್ಟಿನ ಕೆಲಸವನ್ನು ಪಕ್ಕಕ್ಕಿಟ್ಟು ಮೊದಲು ಅದನ್ನು ಸರಿಪಡಿಸಿ.